ಸಿಡಿದದ್ದು ಯಾರೋ, ಸಾಕ್ಷಿ ಹೇಳಿದ್ದು ಊರು

ಗಾಮಾ ಕಿರಣ ಸ್ಫೋಟ ಕೆಲವು ಸೆಕೆಂಡುಗಳ ಆಟ. ತನಿಖೆ ಮಾತ್ರ ವರ್ಷಗಟ್ಟಲೆ. ಮೊದಲ ಮೂವತ್ತು ವರ್ಷ ವಿಳಾಸವೇ ಸಿಕ್ಕಿರಲಿಲ್ಲ. ಸಿಕ್ಕ ಮೇಲೆ ಖಗೋಳಜ್ಞರು ಸಿಡಿದವರನ್ನು ಬಿಟ್ಟು ಊರನ್ನೇ ವಿಚಾರಿಸತೊಡಗಿದರು. ಪುಟ್ಟ ಊರು, ಬಡ ಊರು, ದೂಳು ಮುಸುಕಿದ ಊರು, ಕೆಲವೊಮ್ಮೆ ಊರೇ ಕಾಣದ ಬಯಲು!

ಎರಡು ಚಿತ್ರಗಳು. ಎರಡರಲ್ಲೂ ಆಕಾಶದ ಅದೇ ತುಣುಕು, ಮಹಾವ್ಯಾಧ ನಕ್ಷತ್ರಪುಂಜದ ಕಡೆಯದು. ಒಂದನ್ನು ತೆಗೆದದ್ದು 1997ರ ಫೆಬ್ರುವರಿ 28ರ ರಾತ್ರಿ, ಇನ್ನೊಂದನ್ನು ಮಾರ್ಚ್ 8ರಂದು. ತೆಗೆದ ಜಾಗ ಕೆನರಿ ದ್ವೀಪಗಳ ಲಾ ಪಾಲ್ಮಾ ಬೆಟ್ಟದ ನೆತ್ತಿ.

ಆಮ್‌ಸ್ಟರ್‌ಡಾಮ್‌ನ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು, ಪಾಲ್ ಗ್ರೂಟ್ ಮತ್ತು ಟೈಟಸ್ ಗಲಾಮಾ, ಎರಡನ್ನೂ ಪಕ್ಕಪಕ್ಕ ಇಟ್ಟು ಚುಕ್ಕಿಗೆ ಚುಕ್ಕಿ ತಾಳೆ ನೋಡಿದರು. ಎಲ್ಲ ಚುಕ್ಕಿಗಳೂ ಇದ್ದಲ್ಲೇ ಇದ್ದವು. ಒಂದನ್ನು ಬಿಟ್ಟು.

ಮೊದಲ ಚಿತ್ರದಲ್ಲಿ ಮಿನುಗುತ್ತಿದ್ದ ಆ ಚುಕ್ಕಿ ಎಂಟು ದಿನಗಳಲ್ಲಿ ಆರಿಹೋಗಿತ್ತು. ಇಟಲಿ ಮತ್ತು ನೆದರ್ಲೆಂಡ್ಸ್ ಸೇರಿ ಹಾರಿಸಿದ್ದ ಬೆಪ್ಪೊಸ್ಯಾಕ್ಸ್ ಉಪಗ್ರಹಕ್ಕೆ ಫೆಬ್ರುವರಿ 28ರಂದು ಗಾಮಾ ಕಿರಣಗಳ ಒಂದು ಸ್ಫೋಟ ಕಂಡಿತ್ತು. ಎಂಟು ಗಂಟೆ ಕಳೆದು ಅದು ತನ್ನ ಎಕ್ಸ್-ರೇ ಕಣ್ಣನ್ನು ಆ ಕಡೆ ತಿರುಗಿಸಿದಾಗ ಅಲ್ಲಿನ್ನೂ ಬಿಸಿ ಆರಿರಲಿಲ್ಲ. ಲಾ ಪಾಲ್ಮಾದ 4.2 ಮೀಟರ್ ದೂರದರ್ಶಕ ಹಿಡಿದದ್ದು ಅದೇ ಸ್ಫೋಟದ ಉಳಿಬೆಳಕನ್ನು. ಗಾಮಾ ಕಿರಣ ಸ್ಫೋಟವೊಂದರ ಜಾಗವನ್ನು ಮನುಷ್ಯರು ಮಾಮೂಲಿ ಬೆಳಕಿನಲ್ಲಿ ಗುರುತಿಸಿದ್ದು ಅದೇ ಮೊದಲು.

ಚುಕ್ಕಿ ಆರಿದ ಜಾಗದಲ್ಲಿ ಇನ್ನೊಂದು ವಸ್ತುವಿತ್ತು. ಹಬಲ್ ದೂರದರ್ಶಕ ದಿಟ್ಟಿಸಿದಾಗ ಕಂಡದ್ದು ಮಸುಕು ಮಸುಕಾದ ಒಂದು ಬೆಳಕಿನ ಕಲೆ. ಅದು ಗೆಲಾಕ್ಸಿ ಎಂದರು ಕೆಲವರು. ಹಬಲ್ ಚಿತ್ರಗಳಲ್ಲಿ ಚುಕ್ಕಿ ಸ್ವಲ್ಪ ಸರಿದಿದೆ, ಹಾಗಾಗಿ ಇದು ನಮ್ಮ ಪಕ್ಕದ್ದೇ ಎಂದು ಇನ್ನೊಂದು ತಂಡ ವಾದಿಸಿತು. ಸೆಪ್ಟೆಂಬರಿನಲ್ಲಿ ಹಬಲ್ ಮತ್ತೆ ನೋಡಿತು. ಚುಕ್ಕಿ ಸರಿದಿರಲಿಲ್ಲ, ಇನ್ನಷ್ಟು ಕುಂದಿತ್ತು. ಕಲೆ ಮಾತ್ರ ಇದ್ದ ಹಾಗೇ ಇತ್ತು.

ಸಿಡಿದದ್ದು ಮಾಯವಾಗುತ್ತದೆ, ಸಿಡಿದ ಊರು ಉಳಿಯುತ್ತದೆ. ‘ಆತಿಥೇಯ ಗೆಲಾಕ್ಸಿ’ಗಳ ಅಧ್ಯಯನ ಶುರುವಾದದ್ದು ಹೀಗೆ.

ಬಾಂಬ್ ಹುಡುಕಲು ಹೋಗಿ

ಮೂವತ್ತು ವರ್ಷ ಹಿಂದಕ್ಕೆ ಹೋಗೋಣ. ವಾತಾವರಣದಲ್ಲಿ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷಿಸುವುದಿಲ್ಲವೆಂದು 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟಗಳು ಸಹಿ ಹಾಕಿದ್ದವು. ಸಹಿ ಬೇರೆ, ನಂಬಿಕೆ ಬೇರೆ. ಯಾರಾದರೂ ಕದ್ದು ಸಿಡಿಸಿದರೆ ಗಾಮಾ ಕಿರಣಗಳು ಚಾಡಿ ಹೇಳುತ್ತವೆಂದು ಅಮೆರಿಕ ‘ವೆಲಾ’ ಉಪಗ್ರಹಗಳನ್ನು ಮೇಲೆ ಕೂರಿಸಿತು.

1967ರ ಜುಲೈ 2ರಂದು ವೆಲಾಗಳಿಗೆ ಒಂದು ಮಿಂಚು ಸಿಕ್ಕಿತು. ಬಾಂಬಿನ ಲಕ್ಷಣ ಅದಕ್ಕಿರಲಿಲ್ಲ. ಲಾಸ್ ಅಲಮೋಸ್‌ನ ರೇ ಕ್ಲೀಬೆಸಡೆಲ್ ಮತ್ತು ಸಂಗಡಿಗರು ಅಂಥವನ್ನು ಕೂಡಿಹಾಕುತ್ತ ಹೋಗಿ, 1973ರಲ್ಲಿ 16 ಸ್ಫೋಟಗಳ ಪಟ್ಟಿ ಪ್ರಕಟಿಸಿದರು. ಇವು ಭೂಮಿಯದ್ದೂ ಅಲ್ಲ, ಸೂರ್ಯನದ್ದೂ ಅಲ್ಲ. ಮತ್ತೆ ಎಲ್ಲಿಯವು?

ಉತ್ತರಗಳಿಗೆ ಬರ ಇರಲಿಲ್ಲ. 1994ರ ಹೊತ್ತಿಗೆ ನೂರಕ್ಕೂ ಹೆಚ್ಚು ಸಿದ್ಧಾಂತಗಳು ಅಚ್ಚಾಗಿದ್ದವು. ಪುರಾವೆ ಇಲ್ಲದ ಕಡೆ ಸಿದ್ಧಾಂತ ಸೊಂಪಾಗಿ ಬೆಳೆಯುತ್ತದೆ. ವಿಜ್ಞಾನವೂ ಇದಕ್ಕೆ ಹೊರತಲ್ಲ.

1991ರಲ್ಲಿ ಮೇಲೇರಿದ ಕಾಂಪ್ಟನ್ ವೀಕ್ಷಣಾಲಯದ ‘ಬ್ಯಾಟ್ಸಿ’ ಉಪಕರಣ ಒಂಬತ್ತು ವರ್ಷಗಳಲ್ಲಿ 2,704 ಸ್ಫೋಟಗಳನ್ನು ಎಣಿಸಿತು. ಅವು ಆಕಾಶದ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದವು. ನಮ್ಮ ಕ್ಷೀರಪಥದ ತಟ್ಟೆಯಲ್ಲಿ ಹುಟ್ಟುವಂಥವಾಗಿದ್ದರೆ ಆಕಾಶದಲ್ಲಿ ಒಂದು ಪಟ್ಟಿಯಾಗಿ ಕಾಣಬೇಕಿತ್ತು.

1995ರ ಏಪ್ರಿಲ್ 22ರಂದು ವಾಷಿಂಗ್ಟನ್‌ನ ಸಭಾಂಗಣದಲ್ಲಿ ಇದರ ಮೇಲೆ ಬಹಿರಂಗ ವಾದವೇ ನಡೆಯಿತು. ಸ್ಫೋಟಗಳೆಲ್ಲ ಶತಕೋಟಿ ಜ್ಯೋತಿರ್ವರ್ಷಗಳಾಚೆ ಎಂದರು ಪೋಲೆಂಡ್ ಮೂಲದ ಬೋಹ್ದಾನ್ ಪಚಿನ್ಸ್ಕಿ. ಕ್ಷೀರಪಥವನ್ನು ಸುತ್ತುವರಿದ ವಿಶಾಲ ಪ್ರಭಾವಲಯದಲ್ಲೇ ಎಂದರು ಡಾನ್ ಲ್ಯಾಂಬ್. ನಡುವೆ ಮಧ್ಯಸ್ಥರಾಗಿ ಮಾರ್ಟಿನ್ ರೀಸ್ ಕೂತಿದ್ದರು. ಕೈಯಲ್ಲಿ ಒಂದೂ ವಿಳಾಸವಿಲ್ಲದೆ ನಡೆದ ಈ ವಾದದಲ್ಲಿ ಗೆಲ್ಲುವವರು ಯಾರು?

ಎರಡು ವರ್ಷದ ನಂತರ ತೀರ್ಪು ಬಂತು. 1997ರ ಮೇ 8ರ ಸ್ಫೋಟದ ಉಳಿಬೆಳಕನ್ನು ಹವಾಯಿಯ ಕೆಕ್ ದೂರದರ್ಶಕ ಬಿಡಿಸಿ ನೋಡಿತು. ನಡುದಾರಿಯ ಅನಿಲದಲ್ಲಿದ್ದ ಕಬ್ಬಿಣ, ಮೆಗ್ನೀಸಿಯಂಗಳು ಆ ರೋಹಿತದ ಮೇಲೆ ಗೆರೆ ಎಳೆದಿದ್ದವು. ಗೆರೆಗಳು ಕೆಂಪಿನ ಕಡೆಗೆ ಸರಿದಿದ್ದ ಪ್ರಮಾಣ (ಕೆಂಪು ಪಲ್ಲಟ) 0.835. ಅಂದರೆ ಬೆಳಕು ಹೊರಟು ಕನಿಷ್ಠ 700 ಕೋಟಿ ವರ್ಷಗಳಾಗಿದ್ದವು. ಪಚಿನ್ಸ್ಕಿ ಹೇಳಿದ್ದೇ ಸರಿ.

ಹುಬ್ಬಳ್ಳಿಯ ಹುಡುಗ, ದೂರದ ಗೆಲಾಕ್ಸಿ

ಕೆಕ್‌ನಲ್ಲಿ ಈ ಬೇಟೆಗೆ ಇಳಿದಿದ್ದ ಕ್ಯಾಲ್ಟೆಕ್ ತಂಡದ ಮುಂಚೂಣಿಯಲ್ಲಿದ್ದವರು ಶ್ರೀನಿವಾಸ ಕುಲಕರ್ಣಿ. ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಸುಧಾ ಮೂರ್ತಿಯವರ ತಮ್ಮ ಎಂದರೆ ಬೇಗ ಗುರುತು ಸಿಗುತ್ತದೆ. ಆದರೆ ಮಿಲಿಸೆಕೆಂಡ್ ಪಲ್ಸಾರ್, ಕಂದು ಕುಬ್ಜ, ಗಾಮಾ ಸ್ಫೋಟ ಎಂದು ಮೂರು ಬೇರೆ ಬೇರೆ ಹೊಲಗಳಲ್ಲಿ ಬೆಳೆ ತೆಗೆದವರಿಗೆ ಅಕ್ಕನ ಪರಿಚಯಪತ್ರ ಬೇಕಿಲ್ಲ. 2024ರಲ್ಲಿ ಅವರಿಗೆ ಶಾ ಪ್ರಶಸ್ತಿ ಬಂತು.

1997ರ ಡಿಸೆಂಬರ್ 14ರಂದು ಸಿಡಿದ ಒಂದು ಸ್ಫೋಟದ ಬೆಳಕು ಆರುವುದನ್ನೇ ಅವರ ತಂಡ ಕಾಯಿತು. ಆರಿದ ಮೇಲೆ ಹಿಂದಿದ್ದ ಅತಿ ಕ್ಷೀಣ ಗೆಲಾಕ್ಸಿಯ ರೋಹಿತ ತೆಗೆಯಿತು. ಕೆಂಪು ಪಲ್ಲಟ 3.42. ಸುಮಾರು 1,200 ಕೋಟಿ ವರ್ಷ ಹಳೆಯ ಬೆಳಕು ಅದು.

ಅಷ್ಟು ದೂರದಿಂದ ಇಷ್ಟು ಪ್ರಖರ ಎಂದರೆ ಲೆಕ್ಕ ತಲೆ ತಿರುಗಿಸುವಂತಿತ್ತು. ಒಂದೆರಡು ಸೆಕೆಂಡು ಇಡೀ ವಿಶ್ವದ ಉಳಿದೆಲ್ಲ ಬೆಳಕಿಗೆ ಸಮನಾಗಿ ಅದು ಹೊಳೆದಿತ್ತೆಂದು ಆಗ ವರದಿಯಾಯಿತು. ಆಮೇಲೆ ಲೆಕ್ಕ ಇಳಿಯಿತು. ಸ್ಫೋಟ ಎಲ್ಲ ದಿಕ್ಕಿಗೂ ಚೆಲ್ಲುವುದಿಲ್ಲ, ಎರಡು ಕಿರಿದಾದ ಧಾರೆಗಳಲ್ಲಿ ಚಿಮ್ಮುತ್ತದೆ. ಧಾರೆ ನಮ್ಮ ಕಡೆಗೆ ತಿರುಗಿದ್ದಾಗ ಮಾತ್ರ ನಮಗೆ ಕಾಣುತ್ತದೆ.

ಕುಲಕರ್ಣಿ ಮತ್ತು ಅವರ ಶಿಷ್ಯ ಜೋಶುವಾ ಬ್ಲೂಮ್ ಮುಂದೆ ಇನ್ನೂ ಸರಳವಾದ ಪ್ರಶ್ನೆ ಕೇಳಿದರು: ಊರಿನ ಯಾವ ಮೂಲೆಯಲ್ಲಿ ಸಿಡಿಯಿತು? 2002ರಲ್ಲಿ 20 ಸ್ಫೋಟಗಳನ್ನು ಅಳೆದು ನೋಡಿದರು. ಹೊಸ ನಕ್ಷತ್ರಗಳು ಹುಟ್ಟುವ ಕಡೆಯಲ್ಲೇ ಸ್ಫೋಟಗಳೂ ಇದ್ದವು.

[ ಬಾಕ್ಸ್: ಹೆಸರೇ ತಾರೀಖು ]
ಗಾಮಾ ಸ್ಫೋಟಗಳಿಗೆ ಹೆಸರಿಡುವುದು ಸಿಡಿದ ದಿನದ ಮೇಲೆ. ಜಿಆರ್‌ಬಿ 970228 ಎಂದರೆ 1997ರ ಫೆಬ್ರುವರಿ 28. ಒಂದೇ ದಿನದ ಸ್ಫೋಟಗಳನ್ನು ಬೇರ್ಪಡಿಸಲು ಎ, ಬಿ ಎಂದು ಬಾಲ ಸೇರುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಬಾಳಿದರೆ ‘ದೀರ್ಘ’, ಕಡಿಮೆಯಾದರೆ ‘ಹ್ರಸ್ವ’. ಈ ಎರಡು ಸೆಕೆಂಡಿನ ಗೆರೆ ಈಚೆಗೆ ಅಳಿಸಿಹೋಗತೊಡಗಿದೆ. ಅದು ಮುಂದೆ ಬರುತ್ತದೆ.

ಬಡ ಊರಿನ ದೊಡ್ಡ ಸಾವು

2006ರಲ್ಲಿ ಆಂಡ್ರ್ಯೂ ಫ್ರೂಕ್ಟರ್ ಮತ್ತು ಸಂಗಡಿಗರು ಹಬಲ್ ಚಿತ್ರಗಳನ್ನು ಗುಡ್ಡೆ ಹಾಕಿಕೊಂಡು ಕೂತರು. ದೀರ್ಘ ಸ್ಫೋಟಗಳ 42 ಆತಿಥೇಯ ಗೆಲಾಕ್ಸಿಗಳು ಒಂದು ಕಡೆ, ಸಾಧಾರಣ ಸೂಪರ್‌ನೋವಾಗಳ 16 ಗೆಲಾಕ್ಸಿಗಳು ಇನ್ನೊಂದು ಕಡೆ.

ದೊಡ್ಡ ನಕ್ಷತ್ರಗಳು ಸಾಯುವಾಗ ಸೂಪರ್‌ನೋವಾ ಆಗುತ್ತವೆ. ದೀರ್ಘ ಗಾಮಾ ಸ್ಫೋಟಗಳ ಹಿಂದೆಯೂ ಸೂಪರ್‌ನೋವಾ ಇರುವುದು 1998ರಲ್ಲಿ ಕಂಡಿತ್ತು, 2003ರಲ್ಲಿ ಖಚಿತವಾಗಿತ್ತು. ಹಾಗಾದರೆ ಎರಡರ ಊರೂ ಒಂದೇ ತೆರನಾಗಿರಬೇಕಲ್ಲವೆ?

ಇರಲಿಲ್ಲ. ಸೂಪರ್‌ನೋವಾಗಳ ಗೆಲಾಕ್ಸಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಕ್ಯಾಲೆಂಡರಿಗೆ ಹಾಕುವಂಥ ಚೆಲುವಾದ ಸುರುಳಿಗಳು. ಗಾಮಾ ಸ್ಫೋಟದ 42ರಲ್ಲಿ ಅಂಥದ್ದು ಒಂದೇ ಒಂದು. ಉಳಿದವು ಸಣ್ಣವು, ಆಕಾರಗೆಟ್ಟವು, ನೀಲಿ ಬಣ್ಣದವು. ಅಲ್ಲೂ ಸ್ಫೋಟ ನಡೆದದ್ದು ಅತ್ಯಂತ ಹೊಳಪಿನ ಜಾಗಗಳಲ್ಲಿ.

ಹೊಳಪಿನ ಜಾಗ ಯಾಕೆಂಬುದು ಸುಲಭ. ಭಾರಿ ನಕ್ಷತ್ರದ ಆಯಸ್ಸು ಕೆಲವೇ ದಶಲಕ್ಷ ವರ್ಷ. ಹುಟ್ಟಿದ ಕೇರಿ ಬಿಟ್ಟು ಹೊರಡಲು ಅದಕ್ಕೆ ಪುರಸೊತ್ತಿಲ್ಲ. ಸಣ್ಣ ಊರೇ ಯಾಕೆ ಎಂಬುದಕ್ಕೆ ಸ್ವಲ್ಪ ಯೋಚಿಸಬೇಕಾಯಿತು.

ಸ್ಟಾನ್ ವೂಸ್ಲಿ 1993ರಲ್ಲೇ ಒಂದು ಚಿತ್ರಣ ಕೊಟ್ಟಿದ್ದರು. ಭಾರಿ ನಕ್ಷತ್ರದ ತಿರುಳು ಕುಸಿದು ಕಪ್ಪುಕುಳಿಯಾಗುತ್ತದೆ. ತಿರುಳು ಜೋರಾಗಿ ಗಿರಕಿ ಹೊಡೆಯುತ್ತಿದ್ದರೆ ಸುತ್ತಲಿನ ದ್ರವ್ಯ ನೇರ ಒಳಗೆ ಬೀಳದೆ ತಟ್ಟೆಯಾಗಿ ಸುತ್ತುತ್ತದೆ, ಎರಡು ಧ್ರುವಗಳಿಂದ ಧಾರೆ ಚಿಮ್ಮುತ್ತದೆ. ಎಲ್ಲ ನಿಂತಿರುವುದು ಆ ಗಿರಕಿಯ ಮೇಲೆ.

ಗಿರಕಿಗೆ ಶತ್ರು ಲೋಹ. ಖಗೋಳಜ್ಞರ ಲೆಕ್ಕದಲ್ಲಿ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹವೇ, ಆಮ್ಲಜನಕ ಕೂಡ. ಲೋಹ ಹೆಚ್ಚಿದ್ದರೆ, ಅದರಲ್ಲೂ ಕಬ್ಬಿಣವಿದ್ದರೆ, ನಕ್ಷತ್ರದ ಮೈಯಿಂದ ಗಾಳಿ ಜೋರಾಗಿ ಬೀಸಿ ಹೊರಪದರವನ್ನು ಹೊತ್ತೊಯ್ಯುತ್ತದೆ. ಜೊತೆಗೆ ಗಿರಕಿಯನ್ನೂ. ಸಾಯುವ ಹೊತ್ತಿಗೆ ನಕ್ಷತ್ರ ಸೋತು ನಿಧಾನವಾಗಿರುತ್ತದೆ. ಲೋಹವಿಲ್ಲದ ಬಡ ಗೆಲಾಕ್ಸಿಯಲ್ಲಿ ಗಾಳಿ ಮಂದ, ಗಿರಕಿ ಕೊನೆತನಕ ಉಳಿಯುತ್ತದೆ. ಸಣ್ಣ ಗೆಲಾಕ್ಸಿಗಳು ಸಾಮಾನ್ಯವಾಗಿ ಲೋಹದಲ್ಲಿ ಬಡವು.

ಸಾಂದ್ರಾ ಸವಾಲ್ಯೊ ಮತ್ತು ಸಂಗಡಿಗರು 2009ರಲ್ಲಿ 46 ಆತಿಥೇಯರನ್ನು ತೂಗಿದಾಗ ನಡುಮಟ್ಟದ ತೂಕ ಸುಮಾರು 200 ಕೋಟಿ ಸೂರ್ಯರಷ್ಟು ಬಂತು. ನಕ್ಷತ್ರಗಳ ಲೆಕ್ಕದಲ್ಲಿ ಕ್ಷೀರಪಥದ ಮೂವತ್ತರಲ್ಲಿ ಒಂದು ಪಾಲಿನ ಆಸುಪಾಸು. 2022ರ ಅಕ್ಟೋಬರ್ 9ರಂದು ಬಂದದ್ದು ಇದುವರೆಗಿನ ದಾಖಲೆಗಳಲ್ಲೇ ಅತ್ಯಂತ ಪ್ರಖರ ಸ್ಫೋಟ. 240 ಕೋಟಿ ಜ್ಯೋತಿರ್ವರ್ಷದಾಚೆಯಿಂದ ಬಂದು ನಮ್ಮ ವಾತಾವರಣದ ಮೇಲ್ಪದರವನ್ನೇ ಅಲುಗಿಸಿತು. ಜೇಮ್ಸ್ ವೆಬ್ ದೂರದರ್ಶಕ ಅದರ ಗೆಲಾಕ್ಸಿಯನ್ನು ನೋಡಿತು: ಸೂರ್ಯನಲ್ಲಿರುವ ಲೋಹದ ಎಂಟರಲ್ಲೊಂದು ಪಾಲು ಮಾತ್ರ ಅಲ್ಲಿತ್ತು.

[ ಬಾಕ್ಸ್: ನಮ್ಮಲ್ಲಿ ಸಿಡಿದರೆ? ]
ಹತ್ತಿರದಲ್ಲಿ ಸಿಡಿದು ಧಾರೆ ನಮ್ಮತ್ತ ತಿರುಗಿದರೆ ಓಝೋನ್ ಪದರಕ್ಕೆ ಪೆಟ್ಟು ಬೀಳುತ್ತದೆ. ಆದರೆ ಕ್ಷೀರಪಥ ಲೋಹದಲ್ಲಿ ಸಿರಿವಂತ. ದೀರ್ಘ ಸ್ಫೋಟಕ್ಕೆ ಬೇಕಾದಂಥ ನಕ್ಷತ್ರ ಇಲ್ಲಿ ತೀರಾ ಅಪರೂಪವೆಂದು ಕೆಲವು ಖಗೋಳಜ್ಞರು 2006ರಲ್ಲೇ ಸಮಾಧಾನ ಹೇಳಿದ್ದರು.

ತಪ್ಪು ಬಾಗಿಲು ತಟ್ಟಿದ್ದು

ಬಡ ಊರಿನ ಕಥೆ ಚೆನ್ನಾಗಿದೆ. ಚೆನ್ನಾಗಿರುವ ಕಥೆಗಳ ಬಗ್ಗೆ ತುಸು ಗುಮಾನಿ ಇರುವುದು ಒಳ್ಳೆಯದು.

ಮೊದಲ ವರ್ಷಗಳಲ್ಲಿ ವಿಳಾಸ ಸಿಕ್ಕಿದ್ದು ಉಳಿಬೆಳಕು ಕಣ್ಣಿಗೆ ಬಿದ್ದ ಸ್ಫೋಟಗಳದ್ದು ಮಾತ್ರ. ದೂಳು ದಟ್ಟವಾದ ಗೆಲಾಕ್ಸಿಯೊಳಗೆ ಸಿಡಿದರೆ ಎಕ್ಸ್-ರೇ ಹೊರಬರುತ್ತದೆ, ಬೆಳಕು ಬರುವುದಿಲ್ಲ. ಇಂಥ ‘ಕಗ್ಗತ್ತಲ ಸ್ಫೋಟ’ಗಳು ಪಟ್ಟಿಯಿಂದ ಜಾರಿಹೋಗಿದ್ದವು. ದೂಳಿರುವುದು ಹೆಚ್ಚಾಗಿ ದೊಡ್ಡ, ಲೋಹವಿರುವ ಗೆಲಾಕ್ಸಿಗಳಲ್ಲಿ. ಅಂದರೆ ಸಿರಿವಂತರ ಮನೆಯ ಸಾವುಗಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

2004ರ ನವೆಂಬರಿನಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹ ನಿಮಿಷಗಳೊಳಗೆ ತಿರುಗಿ ಎಕ್ಸ್-ರೇ ವಿಳಾಸ ಕೊಡತೊಡಗಿದ ಮೇಲೆ ಈ ಪಕ್ಷಪಾತ ತಿದ್ದಲು ಸಾಧ್ಯವಾಯಿತು. ಉಳಿಬೆಳಕು ಕಂಡಿತೋ ಇಲ್ಲವೋ ನೋಡದೆ, ನಿಯಮ ಹಾಕಿಕೊಂಡು ಗೆಲಾಕ್ಸಿಗಳನ್ನು ಹುಡುಕಿದರು. ಡೇನಿಯಲ್ ಪರ್ಲಿ ನೇತೃತ್ವದ ಸಮೀಕ್ಷೆಯೊಂದರಲ್ಲೇ 119 ಸ್ಫೋಟಗಳಿದ್ದವು. ದೂಳಿನ ದೊಡ್ಡ ಗೆಲಾಕ್ಸಿಗಳು ಬೆಳಕಿಗೆ ಬಂದವು. ಆದರೂ ವಿಶ್ವದ ಈಚಿನ ಅರ್ಧ ಆಯಸ್ಸಿನಲ್ಲಿ ಲೋಹ ತುಂಬಿದ ಊರುಗಳಲ್ಲಿ ದೀರ್ಘ ಸ್ಫೋಟ ಕಡಿಮೆಯೇ. ಕಥೆ ಬಿದ್ದುಹೋಗಲಿಲ್ಲ, ಅಂಚುಗಳು ಮಾತ್ರ ತಿದ್ದಿಕೊಂಡವು.

ವಿಳಾಸವೇ ತಪ್ಪಿದ ಪ್ರಸಂಗವೂ ಉಂಟು. 2002ರ ಆಗಸ್ಟ್ 19ರ ಸ್ಫೋಟವೊಂದನ್ನು ಕೆಂಪು ಪಲ್ಲಟ 0.41ರ ಸುರುಳಿ ಗೆಲಾಕ್ಸಿಗೆ ಅಂಟಿಸಿದ್ದರು. ಲೋಹ ತುಂಬಿದ ಆ ಗೆಲಾಕ್ಸಿ ಬಡ ಊರಿನ ಸಿದ್ಧಾಂತಕ್ಕೆ ದೊಡ್ಡ ಅಪವಾದವಾಗಿ ವರ್ಷಗಟ್ಟಲೆ ಕಾಡಿತು. 2017ರಲ್ಲಿ ಪರ್ಲಿ ಮತ್ತು ಸಂಗಡಿಗರು ಮತ್ತೆ ನೋಡಿದಾಗ ಗುಟ್ಟು ಬಯಲಾಯಿತು: ಸುರುಳಿ ಗೆಲಾಕ್ಸಿ ಸುಮ್ಮನೆ ಮುಂದೆ ನಿಂತಿತ್ತು. ಸ್ಫೋಟವಾದದ್ದು ಅದರ ಹಿಂದೆ ಬಹುದೂರ, ಕೆಂಪು ಪಲ್ಲಟ 1.96ರಲ್ಲಿದ್ದ ದೂಳಿನ ಗೆಲಾಕ್ಸಿಯಲ್ಲಿ. ಹದಿನೈದು ವರ್ಷ ಪ್ರಬಂಧಗಳಲ್ಲಿ ಆರೋಪಿಯಾಗಿ ನಿಂತಿದ್ದ ಗೆಲಾಕ್ಸಿಗೆ ಬಿಡುಗಡೆ ಸಿಕ್ಕಿತು.

ಖೋಡದ್‌ನ ಆಂಟೆನಾಗಳು

ಸೂಪರ್‌ನೋವಾದ ಜೊತೆ ಕಂಡ ಮೊದಲ ಗಾಮಾ ಸ್ಫೋಟ 1998ರ ಏಪ್ರಿಲ್ 25ರದು. ಊರು ಇಎಸ್‌ಒ 184-ಜಿ82, ಸುಮಾರು 12 ಕೋಟಿ ಜ್ಯೋತಿರ್ವರ್ಷ ದೂರ. ಈ ಲೆಕ್ಕದಲ್ಲಿ ಇದು ಪಕ್ಕದ ಮನೆ. ಹಾಗಾಗಿ ಇದನ್ನು ಅಗೆದಷ್ಟು ಬೇರಾವ ಆತಿಥೇಯರನ್ನೂ ಅಗೆದಿಲ್ಲ.

ನಕ್ಷತ್ರ ಹುಟ್ಟಲು ಹೈಡ್ರೋಜನ್ ಅನಿಲ ಬೇಕು. ಅದು 21 ಸೆಂಟಿಮೀಟರ್ ರೇಡಿಯೊ ತರಂಗದಲ್ಲಿ ಮೆಲ್ಲಗೆ ಪಿಸುಗುಡುತ್ತದೆ. ಪುಣೆಗೆ ಉತ್ತರದ ಖೋಡದ್ ಬಳಿ 45 ಮೀಟರ್ ಅಗಲದ 30 ಆಂಟೆನಾಗಳ ಜಿಎಂಆರ್‌ಟಿ ಇದೆ. ಮರ್ಯಮ್ ಅರಬ್‌ಸಲ್ಮಾನಿ, ನಿಸ್ಸಿಮ್ ಕಣೇಕರ್ ಮತ್ತಿತರರು ಅದರಲ್ಲಿ ಈ ಪಿಸುಮಾತನ್ನು ಹಿಡಿದು 2015ರಲ್ಲಿ ಪ್ರಕಟಿಸಿದರು. ಅನಿಲ ಶಾಂತವಾಗಿರಲಿಲ್ಲ, ಕದಡಿತ್ತು. 2019ರ ಹೊತ್ತಿಗೆ ಇನ್ನೂ ಸೂಕ್ಷ್ಮ ಚಿತ್ರ ಸಿಕ್ಕಿತು: ಅನಿಲ ಉಂಗುರದ ಆಕಾರದಲ್ಲಿದೆ, ಪಕ್ಕದ ಸಣ್ಣ ಗೆಲಾಕ್ಸಿಯೊಂದು ಇದನ್ನು ತೂರಿ ಹೋದ ಗುರುತು. ಆ ಡಿಕ್ಕಿಯಿಂದ ಅನಿಲ ಒತ್ತೊತ್ತಾಗಿ ಭಾರಿ ನಕ್ಷತ್ರಗಳು ಹುಟ್ಟಿದವು, ಅವುಗಳಲ್ಲೊಂದು ಸಿಡಿಯಿತು ಎಂಬುದು ತಂಡದ ವಾದ. ನನಗೆ ಇದು ನಂಬುವಂತೆ ಕಾಣುತ್ತದೆ. ಆದರೆ ಒಂದು ಊರಿನ ಇತಿಹಾಸದಿಂದ ದೇಶದ ಇತಿಹಾಸ ಬರೆಯಲಾಗದು. ಇಷ್ಟು ಹತ್ತಿರದ ಆತಿಥೇಯರು ಇನ್ನಷ್ಟು ಬೇಕು.

[ ಬಾಕ್ಸ್: ಹೊಸಕೋಟೆಯಿಂದ ಹಾನ್ಲೆಗೆ ]
ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರಾ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಭಾರತೀಯ ಖಭೌತ ಸಂಸ್ಥೆಯ ಈ ಕೇಂದ್ರದಿಂದ ಹಲವು ಗಾಮಾ ಸ್ಫೋಟಗಳ ಉಳಿಬೆಳಕನ್ನು ಬೆನ್ನಟ್ಟಲಾಗಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೋದ ಆಸ್ಟ್ರೋಸ್ಯಾಟ್ 2022ರಲ್ಲಿ ತನ್ನ 500ನೇ ಗಾಮಾ ಸ್ಫೋಟವನ್ನು ದಾಖಲಿಸಿತು.

ಊರು ಬಿಟ್ಟು ಸಾಯುವವರು

ಹ್ರಸ್ವ ಸ್ಫೋಟಗಳ ವಿಳಾಸ ಸಿಗಲು 2005ರವರೆಗೆ ಕಾಯಬೇಕಾಯಿತು. ಆ ವರ್ಷದ ಮೇ 9ರ ಸ್ಫೋಟವನ್ನು ಹಿಂಬಾಲಿಸಿ ಹೋದವರು ನಿಂತದ್ದು ಒಂದು ದೈತ್ಯ ಅಂಡಾಕಾರದ ಗೆಲಾಕ್ಸಿಯ ಮಗ್ಗುಲಲ್ಲಿ. ಅದು ಮುದಿ ಊರು. ಹೊಸ ನಕ್ಷತ್ರ ಹುಟ್ಟುವುದು ನಿಂತು ಯುಗಗಳಾಗಿವೆ. ತರುಣ ಭಾರಿ ನಕ್ಷತ್ರ ಅಲ್ಲಿ ಸಾಯುವುದೆಂದರೆ ಮಕ್ಕಳೇ ಇಲ್ಲದ ಮನೆಯಲ್ಲಿ ನಾಮಕರಣ ಮಾಡಿದಂತೆ.

ಹಾಗಾಗಿ ಅನುಮಾನ ನ್ಯೂಟ್ರಾನ್ ನಕ್ಷತ್ರಗಳ ಜೋಡಿಯತ್ತ ಹೊರಳಿತು. ಜೋಡಿ ಒಂದನ್ನೊಂದು ಸುತ್ತುತ್ತ ಹತ್ತಿರವಾಗಿ ಡಿಕ್ಕಿ ಹೊಡೆಯಲು ನೂರಾರು ಕೋಟಿ ವರ್ಷ ಹಿಡಿಯಬಹುದು. ಹುಟ್ಟುವಾಗಿನ ಸೂಪರ್‌ನೋವಾ ಒದೆತ ಬೇರೆ. ಒದೆ ತಿಂದ ಜೋಡಿ ಅಲೆಯುತ್ತ ಗೆಲಾಕ್ಸಿಯ ಹೊರವಲಯಕ್ಕೆ, ಕೆಲವೊಮ್ಮೆ ಅದರಾಚೆಗೂ ಹೋಗಿಬಿಡುತ್ತದೆ. ಅನೇಕ ಹ್ರಸ್ವ ಸ್ಫೋಟಗಳು ತಮ್ಮ ಗೆಲಾಕ್ಸಿಯಿಂದ ದೂರದಲ್ಲಿ ಸಿಗುತ್ತವೆ. ಕೆಲವಕ್ಕೆ ಸುತ್ತ ಯಾವ ಗೆಲಾಕ್ಸಿಯೂ ಕಾಣುವುದಿಲ್ಲ.

2017ರ ಆಗಸ್ಟ್ 17ರಂದು ಸಾಕ್ಷಿ ಸಿಕ್ಕಿತು. ಅಂಥ ಜೋಡಿಯ ಡಿಕ್ಕಿಯ ಗುರುತ್ವ ಅಲೆ ಬಂದ 1.7 ಸೆಕೆಂಡಿಗೆ ಗಾಮಾ ಸ್ಫೋಟ. ಆಸ್ಟ್ರೋಸ್ಯಾಟ್‌ಗೆ ಆಗ ಭೂಮಿ ಅಡ್ಡ ಬಂದಿತ್ತು. ಅದಕ್ಕೆ ಕಾಣಿಸಲಿಲ್ಲ ಎಂಬುದೇ ಹುಡುಕಬೇಕಾದ ಆಕಾಶವನ್ನು ಕಿರಿದು ಮಾಡಿತು. ಕೆಲವೇ ಗಂಟೆಗಳಲ್ಲಿ ಚಿಲಿಯ ಸ್ವೋಪ್ ದೂರದರ್ಶಕ ಸ್ಥಳ ಹಿಡಿಯಿತು: ಎನ್‌ಜಿಸಿ 4993, 13 ಕೋಟಿ ಜ್ಯೋತಿರ್ವರ್ಷ ದೂರದ ಇನ್ನೊಂದು ಮುದಿ ಗೆಲಾಕ್ಸಿ. ಚಿನ್ನ, ಪ್ಲಾಟಿನಂಗಳಂಥ ಭಾರ ಧಾತುಗಳು ಬೇಯುವ ಒಲೆ ಇಂಥ ಡಿಕ್ಕಿಗಳೇ ಎಂಬುದಕ್ಕೆ ಅಲ್ಲಿನ ಬೆಳಕು ಪುರಾವೆ ಕೊಟ್ಟಿತು.

ದೀರ್ಘವೆಂದರೆ ನಕ್ಷತ್ರದ ಕುಸಿತ, ಹ್ರಸ್ವವೆಂದರೆ ಜೋಡಿಯ ಡಿಕ್ಕಿ. ಪಠ್ಯಪುಸ್ತಕ ಮುಗಿಯಿತು ಎನ್ನುವಷ್ಟರಲ್ಲಿ 2021ರ ಡಿಸೆಂಬರ್ 11ರ ಸ್ಫೋಟ ಬಂತು. ಸುಮಾರು ಒಂದು ನಿಮಿಷ ಉರಿದ ಅದು ಗಡಿಯಾರದ ಪ್ರಕಾರ ದೀರ್ಘ. ಸುಳಿವು ಕೊಟ್ಟದ್ದು ನಮಗೆ ಸಾಕಷ್ಟು ಹತ್ತಿರದ ಗೆಲಾಕ್ಸಿ: ಸ್ಫೋಟ ಅದರ ಅಂಚಿನಾಚೆ ನಡೆದಿತ್ತು. ಅಷ್ಟು ಹತ್ತಿರದಲ್ಲಿ ಕಾಣಲೇಬೇಕಾದ ಸೂಪರ್‌ನೋವಾ ಕಾಣಲಿಲ್ಲ. ಕಂಡದ್ದು ನ್ಯೂಟ್ರಾನ್ ಡಿಕ್ಕಿಯ ಕೆಂಬೆಳಕು. ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರ್ ದೂರದರ್ಶಕವೂ ಈ ಪತ್ತೆಯಲ್ಲಿತ್ತು.

2023ರ ಮಾರ್ಚ್ 7ರದು ಇನ್ನೂ ವಿಚಿತ್ರ. ಸಿಡಿದ ಜಾಗದಿಂದ ಅದರ ಊರೆಂದು ತೋರುವ ಸುರುಳಿ ಗೆಲಾಕ್ಸಿಗೆ 1,20,000 ಜ್ಯೋತಿರ್ವರ್ಷ. ಕ್ಷೀರಪಥದ ಒಂದು ತುದಿಯಿಂದ ಇನ್ನೊಂದು ತುದಿಗಿರುವಷ್ಟು! ಆ ಬಯಲಿನಲ್ಲಿ ಜೇಮ್ಸ್ ವೆಬ್‌ಗೆ ಇಂಥ ಡಿಕ್ಕಿಗಳಲ್ಲಿ ಬೇಯುವ ಭಾರ ಧಾತು ಟೆಲ್ಲೂರಿಯಂನ ಗುರುತು ಸಿಕ್ಕಿತು. ಎಷ್ಟು ಸೆಕೆಂಡು ಉರಿಯಿತು ಎಂಬುದಕ್ಕಿಂತ ಎಲ್ಲಿ ಉರಿಯಿತು ಎಂಬುದು ಈಗ ಹೆಚ್ಚು ನಂಬಿಕಸ್ಥ ಸಾಕ್ಷಿ.

ಮತ್ತೊಂದು ಜುಲೈ 2

ಸ್ಫೋಟಗಳು ಇನ್ನೊಂದು ಉಪಕಾರವನ್ನೂ ಮಾಡುತ್ತಿವೆ. ದೂರದ ಸಣ್ಣ ಗೆಲಾಕ್ಸಿಗಳು ತಾವಾಗಿ ದೂರದರ್ಶಕಕ್ಕೆ ಬೀಳುವುದು ಕಷ್ಟ. 2009ರ ಏಪ್ರಿಲ್ 23ರ ಸ್ಫೋಟದ ಕೆಂಪು ಪಲ್ಲಟ 8.2, ಅದರ ಗೆಲಾಕ್ಸಿಯನ್ನು ಹುಡುಕಿದ ಹಬಲ್‌ಗೆ ಏನೂ ಕಾಣಲಿಲ್ಲ. 2025ರ ಮಾರ್ಚ್ 14ರಂದು ಫ್ರಾನ್ಸ್–ಚೀನಾ ಉಪಗ್ರಹ ‘ಸ್ವೋಮ್’ ಹಿಡಿದ ಸ್ಫೋಟ ವಿಶ್ವಕ್ಕೆ 73 ಕೋಟಿ ವರ್ಷವಾಗಿದ್ದಾಗಿನದು. ಜೇಮ್ಸ್ ವೆಬ್ ಜುಲೈನಲ್ಲಿ ನೋಡಿದಾಗ ಸೂಪರ್‌ನೋವಾದ ಬೆಳಕೂ ಕಂಡಿತು, ಮಸುಕಾಗಿ ಅದರ ಗೆಲಾಕ್ಸಿಯೂ ಕಂಡಿತು.

ಅದೇ ಹೊತ್ತಿಗೆ, ವೆಲಾ ಮೊದಲ ಮಿಂಚು ಹಿಡಿದು ಸರಿಯಾಗಿ 58 ವರ್ಷಕ್ಕೆ, 2025ರ ಜುಲೈ 2ರಂದು ನಾಸಾದ ಫರ್ಮಿ ಉಪಗ್ರಹದ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಮತ್ತೆ. ಒಂದೇ ಜಾಗದಿಂದ ಏಳು ಗಂಟೆಗೂ ಹೆಚ್ಚು ಕಾಲ ಗಾಮಾ ಕಿರಣ. ಚೀನಾದ ಐನ್‌ಸ್ಟೈನ್ ಪ್ರೋಬ್‌ಗೆ ಹಿಂದಿನ ದಿನವೇ ಅಲ್ಲಿಂದ ಎಕ್ಸ್-ರೇ ಬಂದಿತ್ತು. ಒಮ್ಮೆ ಕುಸಿದ ನಕ್ಷತ್ರ ಮತ್ತೆ ಮತ್ತೆ ಕುಸಿಯುವುದಿಲ್ಲವಲ್ಲ?

ಆಕಾಶದಲ್ಲಿ ಅದು ಕ್ಷೀರಪಥದ ಪಟ್ಟಿಯ ಹತ್ತಿರವಿದ್ದದ್ದರಿಂದ ನಮ್ಮದೇ ಗೆಲಾಕ್ಸಿಯ ಏನೋ ಇರಬೇಕೆಂದು ಮೊದಲು ಹಲವರು ಎಣಿಸಿದರು. ಚಿಲಿಯ ವಿಎಲ್‌ಟಿ ದೂರದರ್ಶಕ ಮತ್ತು ಹಬಲ್ ನೋಡಿದಾಗ ಅದರಡಿಯಲ್ಲಿ ಗೆಲಾಕ್ಸಿ ಕಂಡಿತು. ಜೇಮ್ಸ್ ವೆಬ್ ಕೆಂಪು ಪಲ್ಲಟ ಅಳೆಯಿತು: 1.036. ಸುಮಾರು 800 ಕೋಟಿ ವರ್ಷ ಹಳೆಯ ಬೆಳಕು.

ಈ ಊರು ಹಳೆಯ ಪಟ್ಟಿಗೆ ಹೊಂದುವುದಿಲ್ಲ. ಭಾರಿ ಗೆಲಾಕ್ಸಿ, ಮೈತುಂಬ ದೂಳು. ಸಿಡಿದದ್ದು ನಟ್ಟನಡುವೆ ಎಂದು ಕಾಣುವುದಿಲ್ಲ, ಆದ್ದರಿಂದ ಕೇಂದ್ರದ ದೈತ್ಯ ಕಪ್ಪುಕುಳಿಯ ಮೇಲೆ ಆರೋಪ ಹೊರಿಸುವುದು ಕಷ್ಟ. ಉಳಿದ ಶಂಕಿತರಲ್ಲಿ ಮುಖ್ಯರು ಇಬ್ಬರು. ತನ್ನ ಜೊತೆಗಾತಿ ನಕ್ಷತ್ರದ ಹೊಟ್ಟೆಯೊಳಕ್ಕೇ ಇಳಿದು ಒಳಗಿನಿಂದ ತಿಂದುಹಾಕಿದ ಸಣ್ಣ ಕಪ್ಪುಕುಳಿ ಒಂದು. ಹತ್ತಿರ ಬಂದ ಶ್ವೇತ ಕುಬ್ಜವನ್ನು ಸುತ್ತು ಸುತ್ತಿಗೂ ಸೀಳಿದ ಮಧ್ಯಮ ಗಾತ್ರದ ಕಪ್ಪುಕುಳಿ ಇನ್ನೊಂದು. ಮೊದಲನೆಯದಾದರೆ ಸೂಪರ್‌ನೋವಾ ತರಹದ ಬೆಳಕು ಹಿಂದೆ ಉಳಿಯಬೇಕು. ಆದರೆ ಅಲ್ಲಿ ದೂಳು ಎಷ್ಟು ದಪ್ಪವೆಂದರೆ, ಅಂಥ ಬೆಳಕು ಇದ್ದಿದ್ದರೂ ನಮ್ಮತನಕ ಬರುವುದು ಅನುಮಾನ.